ಕಿಟಕಿಯಿಲ್ಲದ ವಿಮಾನಕ್ಕೆ ಕಿಟಕಿ ಬಂದ ಕತೆ

ಸಿನಿಮಾಕ್ಕೆ ಇನ್ನೂ ಮಾತು ಬಾರದಿದ್ದ ಕಾಲದಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ದೊಡ್ಡ ದೊಡ್ಡ ಆರ್ಗನ್‌ಗಳು ಬೇಕಾಗುತ್ತಿದ್ದವು. ಪರದೆಯ ಮೇಲೆ ಕುದುರೆ ಓಡಲಿ, ಮಳೆ ಸುರಿಯಲಿ, ನಾಯಕಿ ಅಳಲಿ, ಎಲ್ಲಕ್ಕೂ ದನಿ ಕೊಡುತ್ತಿದ್ದುದು ಆ ಒಂದೇ ವಾದ್ಯ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್ ಎಂಬ ಊರಿನಲ್ಲಿ ಲಿಂಕ್ ಮನೆತನದವರಿಗೆ ಇಂಥ ಆರ್ಗನ್‌ಗಳನ್ನೂ ತಾವಾಗಿಯೇ ನುಡಿಯುವ ಪಿಯಾನೊಗಳನ್ನೂ ಮಾಡುವ ಕಾರ್ಖಾನೆ ಇತ್ತು. ಹಾರ್ಮೋನಿಯಂ ಬಿಚ್ಚಿ ನೋಡಿದವರಿಗೆ ಇದರ ಒಳಗುಟ್ಟು ಅರ್ಧ ಗೊತ್ತಿದ್ದಂತೆಯೇ: ತಿದಿ ಉಬ್ಬುತ್ತದೆ, ಕುಗ್ಗುತ್ತದೆ, ಕವಾಟ ತೆರೆಯುತ್ತದೆ, ಮುಚ್ಚುತ್ತದೆ, ಗಾಳಿ ಎತ್ತ ಹೋಯಿತೋ ಅತ್ತ ಕೆಲಸ ನಡೆಯುತ್ತದೆ.

ಆ ಮನೆಯ ಹುಡುಗ ಎಡ್ವಿನ್‌ಗೆ ಹಿಡಿದಿದ್ದ ಹುಚ್ಚು ಮಾತ್ರ ವಿಮಾನದ್ದು. 1920ರಲ್ಲಿ, ಹದಿನಾರರ ಪ್ರಾಯದಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಐವತ್ತು ಡಾಲರ್ ತೆತ್ತು ಮೊದಲ ಪಾಠಕ್ಕೆ ಕೂತ. ಪೈಲಟ್ ಮಹಾಶಯ ಗಂಟೆಯ ಬಹುಪಾಲು ಆಕಾಶದಲ್ಲಿ ಲಾಗ ಹಾಕಿಸಿ, ಗಿರಗಿರ ತಿರುಗಿಸಿ, ಕೆಳಗಿಳಿಸಿ ಕಳಿಸಿದ. ಹುಡುಗನ ಕೈಗೆ ಹಿಡಿಕೆ ಒಮ್ಮೆಯೂ ಸಿಗಲಿಲ್ಲ. ಕಲಿಸುವುದು ಹೀಗಾದರೆ ಕಲಿಯುವುದು ಯಾವಾಗ ಎಂಬ ಸಿಟ್ಟು ಅವನ ತಲೆಯಲ್ಲಿ ಉಳಿದುಹೋಯಿತು.

1927ರಿಂದ ಒಂದೂವರೆ ಎರಡು ವರ್ಷ ಎಡ್ವಿನ್ ಲಿಂಕ್ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಮರದ ಪೆಟ್ಟಿಗೆಯೊಂದನ್ನು ಕಟ್ಟುತ್ತ ಕೂತರು. ಗಿಡ್ಡ ರೆಕ್ಕೆ, ಗಿಡ್ಡ ಬಾಲ, ಒಬ್ಬರು ಕೂರುವಷ್ಟು ಜಾಗ. ಅಡಿಯಲ್ಲಿ ಆರ್ಗನ್ನಿನ ತಿದಿಗಳು. ವಿದ್ಯುತ್ ಮೋಟರಿನ ಪಂಪು ಗಾಳಿ ಹೀರುತ್ತಿತ್ತು. ಒಳಗೆ ಕೂತವರು ಹಿಡಿಕೆ ವಾಲಿಸಿದರೆ ಕವಾಟ ತೆರೆದು ಒಂದು ಬದಿಯ ತಿದಿ ಕುಗ್ಗುತ್ತಿತ್ತು, ಪೆಟ್ಟಿಗೆ ಆ ಕಡೆಗೆ ಬಾಗುತ್ತಿತ್ತು. ಪೇಟೆಂಟಿಗೆ ಅರ್ಜಿ ಹಾಕಿದರು, 1931ರಲ್ಲಿ ಅದು ಕೈಗೆ ಬಂತು. ಅಷ್ಟು ಹೊತ್ತಿಗೆ ಟಾಕಿ ಬಂದು ಚಿತ್ರಮಂದಿರಗಳಿಗೆ ಆರ್ಗನ್ನಿನ ಅಗತ್ಯವೇ ಕಡಿಮೆಯಾಗಿತ್ತು. ಈ ಹೊಸ ಯಂತ್ರವನ್ನಾದರೂ ವಿಮಾನ ಕಲಿಸುವವರು ಕೊಂಡರೇ ಎಂದರೆ ಅದೂ ಇಲ್ಲ. ಮೊದಲ ಗಿರಾಕಿಗಳು ಅಮ್ಯೂಸ್‌ಮೆಂಟ್ ಪಾರ್ಕಿನವರು. ಕಾಸು ಹಾಕಿ, ಕೂತು, ಅಲ್ಲಾಡಿಸಿಕೊಂಡು, ನಕ್ಕು ಇಳಿಯುವ ಆಟಿಕೆಯಾಗಿ ಅದು ಜಾತ್ರೆ ಸೇರಿತು.

ಆಟಿಕೆಗೆ ಗಾಂಭೀರ್ಯ ಬಂದದ್ದು ಅದರ ಕಿಟಕಿ ಮುಚ್ಚಿದಾಗ. ಲಿಂಕ್ ತಮ್ಮದೇ ವಿಮಾನಶಾಲೆ ತೆರೆದಾಗ ಪೆಟ್ಟಿಗೆಯೊಳಗೆ ವಿಮಾನದ ಉಪಕರಣಗಳ ಮುಖಗಳನ್ನು ಜೋಡಿಸಿದರು, ಮೇಲೊಂದು ಮುಚ್ಚಳ ಹಾಕಿದರು. ಒಳಗೆ ಕೂತವರಿಗೆ ಹೊರಗಿನದು ಏನೂ ಕಾಣದು. ಮುಳ್ಳುಗಳನ್ನು ನಂಬಿಯೇ ಹಾರಬೇಕು. ಯಾಕೆ ಬೇಕಿತ್ತು ಇದು? ಆ ಕಾಲದ ಪೈಲಟ್‌ಗಳಿಗೆ ತಮ್ಮ ಮೈಯ ಮೇಲೆ ಅಪಾರ ವಿಶ್ವಾಸ. ವಿಮಾನ ಎತ್ತ ವಾಲಿತೆಂದು ಕೂತ ಆಸನವೇ ಹೇಳುತ್ತದೆ ಎಂಬ ಜಂಬ. ಮೋಡದೊಳಗೆ ಹೊಕ್ಕರೆ ಆ ಮೈ ಸುಳ್ಳು ಹೇಳುತ್ತದೆ. ನಮ್ಮ ಒಳಕಿವಿಯಲ್ಲಿ ಅರ್ಧವರ್ತುಲದ ಮೂರು ನಾಳಗಳಿವೆ, ಅವುಗಳಲ್ಲಿ ದ್ರವವಿದೆ. ತಿರುವು ಶುರುವಾದಾಗ ದ್ರವ ಹಿಂದೆ ಬೀಳುತ್ತದೆ, ಅದರಿಂದಲೇ ತಿರುಗುತ್ತಿದ್ದೇವೆಂದು ಗೊತ್ತಾಗುವುದು. ಅದೇ ತಿರುವು ಒಂದೇ ಸಮನೆ ಮುಂದುವರಿದರೆ ದ್ರವವೂ ಜೊತೆಗೆ ಸುತ್ತತೊಡಗುತ್ತದೆ, ನೇರ ಹೋಗುತ್ತಿದ್ದೇವೆ ಎನ್ನಿಸುತ್ತದೆ. ಆಗ ನಿಜವಾಗಿ ನೇರ ಮಾಡಿದರೆ ವಿಮಾನ ಇನ್ನೊಂದು ಬದಿಗೆ ತಿರುಗಿದಂತೆ ಭಾಸ. ಪೈಲಟ್ ಅದನ್ನು ‘ಸರಿಪಡಿಸಲು’ ಹೋಗುತ್ತಾನೆ, ವಿಮಾನ ಸುರುಳಿ ಸುತ್ತುತ್ತ ನೆಲಕ್ಕಿಳಿಯುತ್ತದೆ.

ಈ ಜಂಬಕ್ಕೆ ಅಮೆರಿಕದ ಸೇನೆ ಬೆಲೆ ತೆತ್ತದ್ದು 1934ರ ಚಳಿಗಾಲದಲ್ಲಿ. ಟಪಾಲು ಸಾಗಿಸುವ ಗುತ್ತಿಗೆಗಳಲ್ಲಿ ಗೋಲ್‌ಮಾಲ್ ನಡೆದಿದೆ ಎಂದು ಅಧ್ಯಕ್ಷ ರೂಸ್‌ವೆಲ್ಟ್ ಖಾಸಗಿ ಕಂಪನಿಗಳ ಗುತ್ತಿಗೆ ರದ್ದುಮಾಡಿ ಆ ಕೆಲಸವನ್ನು ಸೇನೆಯ ವಾಯುದಳಕ್ಕೆ ವಹಿಸಿದರು. ಫೆಬ್ರುವರಿ 19ಕ್ಕೆ ಸೇನೆ ಟಪಾಲು ಹೊತ್ತು ಹೊರಟಿತು. ಹಿಮ, ಮಂಜು, ರಾತ್ರಿ. ಉಪಕರಣ ನೋಡಿ ಹಾರುವ ಅಭ್ಯಾಸ ಆ ಪೈಲಟ್‌ಗಳಿಗೆ ಇರಲಿಲ್ಲವೆನ್ನುವಷ್ಟು ಕಡಿಮೆ. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಆಗ ಸೇನೆಗೆ ಬಿಂಗ್‌ಹ್ಯಾಮ್‌ಟನ್ನಿನ ಆಟಿಕೆ ನೆನಪಾಯಿತು. ನ್ಯೂಆರ್ಕ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಲಿಂಕ್‌ಗಾಗಿ ಕಾದಿದ್ದರಂತೆ, ಮಂಜು ದಟ್ಟವಾಗಿ ಕವಿದಿತ್ತಂತೆ, ಇನ್ನು ಬರಲಾರರು ಎಂದು ಎದ್ದು ಹೊರಡುವ ಹೊತ್ತಿಗೆ ಮಂಜಿನೊಳಗಿಂದ ವಿಮಾನವೊಂದು ಸಲೀಸಾಗಿ ಬಂದಿಳಿಯಿತಂತೆ. ಕತೆಗೆ ಸ್ವಲ್ಪ ಒಗ್ಗರಣೆ ಬಿದ್ದಿರಬಹುದು. ಅದೇ ಜೂನಿನಲ್ಲಿ ಸೇನೆ ಒಂದಕ್ಕೆ 3,500 ಡಾಲರಿನಂತೆ ಆರು ಯಂತ್ರ ಕೊಂಡದ್ದಂತೂ ದಾಖಲೆಯಲ್ಲಿದೆ. ಎರಡನೆಯ ಮಹಾಯುದ್ಧ ಮುಗಿಯುವಷ್ಟರಲ್ಲಿ ಐದು ಲಕ್ಷದಷ್ಟು ಪೈಲಟ್‌ಗಳು ಈ ನೀಲಿ ಪೆಟ್ಟಿಗೆಯಲ್ಲಿ ಕೂತೆದ್ದಿದ್ದರು.

ಅದರ ಒಂದು ಭಾಗ ನನಗೆ ಬಹಳ ಇಷ್ಟ. ಪೆಟ್ಟಿಗೆಯ ಪಕ್ಕದಲ್ಲಿ ಶಿಕ್ಷಕರ ಮೇಜು, ಮೇಜಿನ ಮೇಲೆ ನಕ್ಷೆ, ನಕ್ಷೆಯ ಮೇಲೆ ಪುಟ್ಟ ಗಾಲಿಗಳ ಒಂದು ಉಪಕರಣ. ಏಡಿ ಎಂದೇ ಅದನ್ನು ಕರೆಯುತ್ತಿದ್ದರು. ಒಳಗಿದ್ದವರು ವಿಮಾನವನ್ನು ಎತ್ತ ತಿರುಗಿಸಿದರೂ ಏಡಿ ನಕ್ಷೆಯ ಮೇಲೆ ಅತ್ತ ತೆವಳುತ್ತ ಶಾಯಿಯ ಗೆರೆ ಬಿಡುತ್ತ ಹೋಗುತ್ತಿತ್ತು. ಪೆಟ್ಟಿಗೆ ಕೋಣೆ ಬಿಟ್ಟು ಒಂದು ಅಡಿಯೂ ಕದಲಿಲ್ಲ; ಏಡಿ ಮಾತ್ರ ಊರು ದಾಟಿತು, ನದಿ ದಾಟಿತು. ಕೂತಲ್ಲೇ ಕೂತು ಮಾಡಿದ ಪ್ರವಾಸದ ಮೊದಲ ದಾಖಲೆ ಆ ಶಾಯಿಗೆರೆ. ದಾರಿ ಶಿಕ್ಷಕರಿಗೆ ಕಾಣುತ್ತಿತ್ತು, ಪ್ರಯಾಣಿಕನಿಗೆ ಕಾಣುತ್ತಿರಲಿಲ್ಲ, ಅಷ್ಟೇ.

ಪ್ರಯಾಣಿಕನ ಕಣ್ಣು ತೆರೆಸಿದವರು ಇಲಿನಾಯ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿದ್ಯಾರ್ಥಿ, ಸ್ವತಃ ವಿಮಾನ ಹಾರಿಸಬಲ್ಲ ಬ್ರೂಸ್ ಆರ್ಟ್‌ವಿಕ್. 1975ರಲ್ಲಿ ಅವರು ಸ್ನಾತಕೋತ್ತರ ಪ್ರಬಂಧಕ್ಕೆ ಆರಿಸಿಕೊಂಡ ವಿಷಯ, ಹಾರುವ ವಿಮಾನದಿಂದ ಕಾಣುವ ನೋಟವನ್ನು ಕಂಪ್ಯೂಟರ್ ಪರದೆಯ ಮೇಲೆ ಬರೆಯುವುದು. ವಾಯುಸೇನೆಗಳ ಬಳಿ ಕೋಟಿಗಟ್ಟಲೆ ಬೆಲೆಯ ಸಿಮ್ಯುಲೇಟರ್‌ಗಳು ಆಗಲೇ ಇದ್ದವು. ಆರ್ಟ್‌ವಿಕ್ ಕಣ್ಣಿಟ್ಟದ್ದು ಮೇಜಿನ ಮೇಲೆ ಕೂರುವ ಅಗ್ಗದ ಯಂತ್ರದ ಮೇಲೆ. ಮೂರು ಆಯಾಮದ ಚಿತ್ರ ಬರೆಯುವ ಬಗೆಯನ್ನು ಅವರು ಪತ್ರಿಕೆಯಲ್ಲಿ ಲೇಖನಮಾಲೆಯಾಗಿ ಬರೆದಾಗ ಓದುಗರು ಕೇಳತೊಡಗಿದರು: ವಿವರಣೆ ಸಾಕು, ಪ್ರೋಗ್ರಾಮನ್ನೇ ಮಾರುತ್ತೀರಾ? ಹೀಗೆ ಹುಟ್ಟಿದ್ದು ಸಬ್‌ಲಾಜಿಕ್ ಎಂಬ ಕಂಪನಿ. 1980ರ ಹೊತ್ತಿಗೆ ಆಪಲ್ ಟೂ ಕಂಪ್ಯೂಟರಿನಲ್ಲಿ ಅವರ ವಿಮಾನ ಹಾರಿತು. ಆರು ಚೌಕ ಅಗಲ, ಆರು ಚೌಕ ಉದ್ದದ ಲೋಕ. ಗೆರೆಗಳೇ ನೆಲ, ಅಂಚಿನಲ್ಲಿ ನಾಲ್ಕು ಗೆರೆ ಮೇಲೆದ್ದರೆ ಅದೇ ಬೆಟ್ಟ. ಸೆಕೆಂಡಿಗೆ ಬೆರಳೆಣಿಕೆಯಷ್ಟು ಬಾರಿ ಮಾತ್ರ ಚಿತ್ರ ಬದಲಾಗುತ್ತಿತ್ತು. ಇಷ್ಟಕ್ಕೇ ಜನ ಮರುಳಾದರು.

1982ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಇದನ್ನೇ ಐಬಿಎಂ ಪಿಸಿಗೆ ತಂದಿತು. ಸೆಸ್ನಾ 182 ವಿಮಾನ ಷಿಕಾಗೊದ ಮೈಗ್ಸ್ ಫೀಲ್ಡಿನ ರನ್‌ವೇ ಮೇಲೆ ನಿಂತಿರುತ್ತಿತ್ತು. ಒಂದು ಬದಿ ಮಿಷಿಗನ್ ಸರೋವರ, ಇನ್ನೊಂದು ಬದಿ ಊರಿನ ಎತ್ತರದ ಕಟ್ಟಡಗಳು. ಷಿಕಾಗೊ, ನ್ಯೂಯಾರ್ಕ್–ಬಾಸ್ಟನ್, ಸಿಯಾಟಲ್, ಲಾಸ್ ಏಂಜಲಿಸ್ ಎಂಬ ನಾಲ್ಕು ಪ್ರದೇಶಗಳು ಅದರಲ್ಲಿದ್ದವು. ಪ್ರೋಗ್ರಾಮು ಯಂತ್ರದ ಪ್ರತಿ ಮೂಲೆಯನ್ನೂ ಎಷ್ಟು ಹಿಂಡುತ್ತಿತ್ತೆಂದರೆ, ಬೇರೆ ಕಂಪನಿಯ ಕಂಪ್ಯೂಟರು ಐಬಿಎಂಗೆ ಸರಿಸಾಟಿಯೇ ಎಂದು ನೋಡಲು ಹಾಕಿ ನೋಡುತ್ತಿದ್ದ ಪ್ರೋಗ್ರಾಮುಗಳಲ್ಲಿ ಇದೂ ಒಂದು.

ನಿಜವಾದ ಆವಿಷ್ಕಾರ ನಡೆದದ್ದು ಇದಾದ ಮೇಲೆ, ಮತ್ತು ಅದನ್ನು ಮಾಡಿದವರು ಎಂಜಿನಿಯರ್‌ಗಳಲ್ಲ ಎಂಬುದು ನನ್ನ ವಾದ. ವಿಡಿಯೊ ಆಟವೆಂದರೆ ಅಂಕ, ಶತ್ರು, ಗೆಲುವು ಎಂದು ಲೋಕವೇ ನಂಬಿದ್ದ ಕಾಲ ಅದು. ಈ ಆಟದಲ್ಲಿಯೂ ಮೊದಲ ಮಹಾಯುದ್ಧದ ಕಾದಾಟವೊಂದನ್ನು ಸೇರಿಸಿದ್ದರು. ಉಳಿದ ಹೊತ್ತು ಮಾತ್ರ ಅದು ಆಟಗಾರರಿಂದ ಏನನ್ನೂ ಕೇಳುತ್ತಿರಲಿಲ್ಲ. ವಿಮಾನ ಏರಿತು, ಇಳಿಯಿತು, ಮುಂದೇನು? ಮನೆಮನೆಗಳಲ್ಲಿ ಜನ ತಾವಾಗಿಯೇ ಕಂಡುಕೊಂಡ ಉತ್ತರ: ಎಲ್ಲಿಗಾದರೂ ಹೋಗೋಣ. ನಕ್ಷೆ ಬಿಡಿಸಿ, ಸ್ಕೇಲು ಇಟ್ಟು, ಪೆನ್ಸಿಲಿನಲ್ಲಿ ಗೆರೆ ಎಳೆದು, ನಡುವೆ ಏನೂ ಇಲ್ಲದ ಹಸಿರು ಬಯಲಿನ ಮೇಲೆ ತಾಸುಗಟ್ಟಲೆ ಹಾರಿ ಇನ್ನೊಂದು ಊರು ಮುಟ್ಟಿದರು. ಮುಂದೆ ಊರು, ನದಿ, ಹೆದ್ದಾರಿಗಳ ಡಿಸ್ಕ್‌ಗಳನ್ನು ಪ್ರತ್ಯೇಕವಾಗಿ ಮಾರುವುದೇ ಒಂದು ವ್ಯಾಪಾರವಾಯಿತು. ಕಣ್ಣು ಮುಚ್ಚಿ ಹಾರುವುದನ್ನು ಕಲಿಸಲು ಬೆಳೆದ ವಿದ್ಯೆಯನ್ನು ಜನ ಕಿಟಕಿಯಿಂದ ಹೊರಗೆ ನೋಡಲು ಬಳಸಿಕೊಂಡರು.

ಹಾಗೆ ನೋಡಲು ಹೊರಟವರು ಬೋಯಿಂಗನ್ನು ಬಿಟ್ಟು ಪುಟ್ಟ ಸೆಸ್ನಾ ಹಿಡಿಯುವುದಕ್ಕೆ ಕಾರಣವಿದೆ. ಮೂವತ್ತೈದು ಸಾವಿರ ಅಡಿಯಿಂದ ಭೂಮಿ ಬರಿಯ ನಕ್ಷೆ. ಎರಡು ಮೂರು ಸಾವಿರ ಅಡಿಯಲ್ಲಿ ಕೆರೆಯ ಏರಿ ಕಾಣುತ್ತದೆ, ರೈಲು ಹಳಿ ಕಾಣುತ್ತದೆ, ಊರು ಎಲ್ಲಿ ಮುಗಿದು ಹೊಲ ಎಲ್ಲಿ ಶುರುವಾಯಿತೆಂದು ತಿಳಿಯುತ್ತದೆ. 1955ರಲ್ಲಿ ಮೊದಲು ಹಾರಿದ ಸೆಸ್ನಾ 172 ಈವರೆಗೆ ನಲವತ್ತನಾಲ್ಕು ಸಾವಿರಕ್ಕೂ ಹೆಚ್ಚು ತಯಾರಾಗಿದೆ. ಇಷ್ಟು ಸಂಖ್ಯೆಯಲ್ಲಿ ಬೇರೆ ಯಾವ ವಿಮಾನವೂ ಬಂದಿಲ್ಲ. ರೆಕ್ಕೆ ತಲೆಯ ಮೇಲಿರುವುದರಿಂದ ಕೆಳಗಿನ ನೋಟಕ್ಕೆ ಅಡ್ಡಿಯಿಲ್ಲ. ಗಂಟೆಗೆ ಇನ್ನೂರು ಕಿಲೋಮೀಟರ್ ಚಿಲ್ಲರೆ ವೇಗ. ಬೆಂಗಳೂರಿನಿಂದ ಮೈಸೂರಿಗೆ ಮುಕ್ಕಾಲು ಗಂಟೆಯ ಒಳಗಿನ ದಾರಿ, ಆದರೂ ರಾಮನಗರದ ಬಂಡೆಗಳನ್ನು ಒಂದೊಂದಾಗಿ ನೋಡುವಷ್ಟು ಪುರುಸೊತ್ತು. ದಾರಿ ತಪ್ಪುವ ಅವಕಾಶವೂ ಬೇಕಾದಷ್ಟಿದೆ, ಅದಿಲ್ಲದೆ ಪ್ರವಾಸ ಹೇಗಾದೀತು?

ಪರದೆಯ ಭೂಮಿಗೆ ನಿಜವಾದ ಏರುತಗ್ಗು ಬಂದದ್ದರಲ್ಲೂ ಆಟದ ಉದ್ದೇಶ ಇರಲಿಲ್ಲ. 2000ದ ಫೆಬ್ರುವರಿಯಲ್ಲಿ ಎಂಡೆವರ್ ಎಂಬ ಅಮೆರಿಕದ ಬಾಹ್ಯಾಕಾಶ ನೌಕೆ ಅರವತ್ತು ಮೀಟರ್ ಉದ್ದದ ತೋಳು ಚಾಚಿಕೊಂಡು ಹನ್ನೊಂದು ದಿನ ಭೂಮಿಯನ್ನು ಸುತ್ತಿತು. ನೌಕೆಯಲ್ಲೊಂದು ರೇಡಾರ್ ಆಂಟೆನಾ, ತೋಳಿನ ತುದಿಯಲ್ಲೊಂದು. ನೆಲದಿಂದ ಮರಳಿದ ಅಲೆ ಎರಡಕ್ಕೂ ತಲಪುವುದರಲ್ಲಿನ ಅತಿ ಸಣ್ಣ ವ್ಯತ್ಯಾಸದಿಂದ ಆ ನೆಲದ ಎತ್ತರವನ್ನು ಲೆಕ್ಕಹಾಕಿದರು. ಉತ್ತರದ 60 ಡಿಗ್ರಿಯಿಂದ ದಕ್ಷಿಣದ 56 ಡಿಗ್ರಿಯವರೆಗೆ, ಭೂಭಾಗದ ಶೇಕಡಾ 80ರಷ್ಟು ಹೀಗೆ ಅಳತೆಗೆ ಸಿಕ್ಕಿತು. ಸೇನೆಗೂ ಭೂವಿಜ್ಞಾನಿಗಳಿಗೂ ಎಂದು ಅಳೆದ ಆ ಲೆಕ್ಕವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಫ್ಲೈಟ್‌ಗಿಯರ್ ಎಂಬ ಉಚಿತ ಸಿಮ್ಯುಲೇಟರನ್ನು ಹವ್ಯಾಸಿಗಳು 1997ರಿಂದಲೇ ಕಟ್ಟುತ್ತಿದ್ದರು. ಇಂಥ ದತ್ತಾಂಶ ಕೈಗೆ ಬಂದ ಮೇಲೆ ಅದರಲ್ಲಿಯೂ ಸಹ್ಯಾದ್ರಿ ಸಹ್ಯಾದ್ರಿಯ ಜಾಗದಲ್ಲೇ ಎದ್ದು ನಿಂತಿತು.

ಆಮೇಲಿನ ದೊಡ್ಡ ನೆಗೆತ 2020ರದ್ದು. ಮೈಕ್ರೋಸಾಫ್ಟಿನ ಯಾರ್ಗ್ ನ್ಯೂಮನ್ ಅದಕ್ಕೆ ಮೊದಲು ಪೆರುವಿನ ಮಾಚು ಪಿಚುವನ್ನು ಕನ್ನಡಕದೊಳಗೆ ತೋರಿಸುವ ಕೆಲಸದಲ್ಲಿದ್ದವರು. ಅದೇ ಬಗೆಯಲ್ಲಿ ಇಡೀ ಭೂಮಿಯನ್ನೇ ತೋರಿಸಬಾರದೇಕೆ ಎಂಬ ಯೋಚನೆಯಿಂದ ಸಿಯಾಟಲ್ ಮೇಲೆ ಸೆಸ್ನಾ ಹಾರುವ ಒಂದು ಮಾದರಿ ತಯಾರಾಯಿತು. ಮೇಲಧಿಕಾರಿ ಫಿಲ್ ಸ್ಪೆನ್ಸರ್ ಅದನ್ನು ನೋಡಿ, ನನಗೇಕೆ ವಿಡಿಯೊ ತೋರಿಸುತ್ತಿದ್ದೀರಿ ಎಂದರಂತೆ. ವಿಮಾನವನ್ನು ಬೇರೆ ದಿಕ್ಕಿಗೆ ತಿರುಗಿಸಿ ತೋರಿಸಬೇಕಾಯಿತು. ಫ್ರಾನ್ಸಿನ ಬೋರ್ಡೊದ ಅಸೋಬೊ ಸ್ಟುಡಿಯೊ ಈ ಹೊಸ ಸಿಮ್ಯುಲೇಟರನ್ನು ಕಟ್ಟಿತು. ಆಸ್ಟ್ರಿಯಾದ ಬ್ಲ್ಯಾಕ್‌ಶಾರ್ಕ್ ಕಂಪನಿಯ ಪ್ರೋಗ್ರಾಮು ಉಪಗ್ರಹ ಚಿತ್ರಗಳಲ್ಲಿ ಛಾವಣಿಗಳನ್ನು ಗುರುತಿಸಿ ನೂರೈವತ್ತು ಕೋಟಿ ಕಟ್ಟಡಗಳನ್ನು ಎಬ್ಬಿಸಿತು. ಆಗಸ್ಟಿನಲ್ಲಿ ಅದು ಬಿಡುಗಡೆಯಾದಾಗ ಲೋಕಕ್ಕೆ ಲೋಕವೇ ಮನೆಯಲ್ಲಿ ಕೂತಿತ್ತು, ನಿಜವಾದ ವಿಮಾನಗಳು ನಿಲ್ದಾಣಗಳಲ್ಲಿ ಧೂಳು ತಿನ್ನುತ್ತಿದ್ದವು. ಐಫೆಲ್ ಗೋಪುರ, ಎವರೆಸ್ಟ್ ಎಲ್ಲ ಆಮೇಲೆ. ಬಹಳ ಮಂದಿ ಮೊದಲು ಹುಡುಕಿದ್ದು ತಮ್ಮದೇ ಮನೆಯ ಛಾವಣಿಯನ್ನು.

ಯಂತ್ರ ಊಹಿಸಿ ಕಟ್ಟಿದ ಲೋಕದಲ್ಲಿ ತಮಾಷೆಗಳೂ ಇದ್ದವು. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆ ಆಫೀಸು ಕಟ್ಟಡವಾಗಿತ್ತು. ಎಲ್ಲಕ್ಕಿಂತ ಸೊಗಸಾದದ್ದು ಮೆಲ್ಬರ್ನ್‌ನ ಕತೆ. ಅಲ್ಲಿನ ಉಪನಗರವೊಂದರಲ್ಲಿ, ಸಾಲು ಸಾಲು ಗಿಡ್ಡ ಮನೆಗಳ ನಡುವೆ, ಸೂಜಿಯಂಥ ಒಂದು ಗೋಪುರ ಮುಗಿಲು ಚುಚ್ಚಿ ನಿಂತಿತ್ತು. ಸ್ವಯಂಸೇವಕರೇ ತುಂಬಿಸುವ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಯಾರೋ ಎರಡು ಅಂತಸ್ತು ಎಂದು ಬರೆಯಲು ಹೋಗಿ 212 ಎಂದು ಒತ್ತಿದ್ದರು. ನಕ್ಷೆಯಲ್ಲಿ ಅದನ್ನು ಬೇಗನೆ ತಿದ್ದಿದರು. ಆದರೆ ಅಷ್ಟರಲ್ಲಿ ತಪ್ಪು ಆಟದೊಳಗೆ ಹೊಕ್ಕಾಗಿತ್ತು. ಆಟಗಾರರೋ, ತೀರ್ಥಯಾತ್ರೆ ಹೊರಟಂತೆ ಹೊರಟು ಅದರ ನೆತ್ತಿಯ ಮೇಲೆ ವಿಮಾನ ಇಳಿಸಲು ಪೈಪೋಟಿಗೆ ಬಿದ್ದರು.

ನನ್ನ ಮೆಚ್ಚಿನ ದಾರಿ ಬೆಂಗಳೂರಿನ ಜಕ್ಕೂರಿನಿಂದ ಮಂಗಳೂರಿನ ಬಜ್ಪೆಗೆ. ಬೆಂಗಳೂರು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲಿರುವುದರಿಂದ ಮೂರೂವರೆ ಸಾವಿರಕ್ಕೆ ಏರಿದರೂ ಮರಗಳು ಕಾಲಿಗೆ ತಾಗುವಷ್ಟು ಹತ್ತಿರ. ಹಾಸನ ದಾಟಿ ಸಕಲೇಶಪುರ ಬಂದ ಮೇಲೆ ನೋಡಬೇಕು: ಎತ್ತರ ತೋರಿಸುವ ಮುಳ್ಳು ಇದ್ದಲ್ಲೇ ಇರುತ್ತದೆ, ನೆಲ ಮಾತ್ರ ಕೆಳಗಿಳಿದು ಹೋಗುತ್ತದೆ. ದಿಕ್ಕು ತಿಳಿಯದಿದ್ದರೆ ರೈಲು ಹಳಿ ಹಿಡಿದು ಹೋಗು ಎನ್ನುವುದು ಹಳೆಯ ಪೈಲಟ್‌ಗಳ ಉಪಾಯ. ಇಲ್ಲಿ ಅದು ನಡೆಯದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಐವತ್ತೈದು ಕಿಲೋಮೀಟರಿನಲ್ಲಿ 57 ಸುರಂಗಗಳಿವೆ; ಹಳಿ ಕಂಡಿತು ಎನ್ನುವಷ್ಟರಲ್ಲಿ ಬೆಟ್ಟದೊಳಗೆ ಹೊಕ್ಕಿರುತ್ತದೆ. ಹಳಿ ಬಿಟ್ಟು ಕುಮಾರಧಾರೆಯನ್ನು ಹಿಡಿಯುವುದು ಮೇಲು. ಅದು ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ, ನೇತ್ರಾವತಿ ಕಡಲಿಗೆ ಮುಟ್ಟಿಸುತ್ತದೆ. ಕೊನೆಯಲ್ಲಿ ಗುಡ್ಡದ ತಲೆ ಸಪಾಟು ಮಾಡಿ ಹಾಸಿದ ಬಜ್ಪೆ ರನ್‌ವೇ. ಎರಡೂ ತುದಿಗೆ ಕಣಿವೆ. ಅಲ್ಲಿ ಪೈಲಟ್‌ಗಳು ಅಷ್ಟೊಂದು ಜಾಗರೂಕರಾಗಿರುವುದು ಯಾಕೆಂದು ಒಮ್ಮೆ ಇಳಿಯಲು ನೋಡಿದರೆ ತಿಳಿಯುತ್ತದೆ.

ಭಯ ಮಾತ್ರ ಆಗುವುದಿಲ್ಲ, ಆದೀತಾದರೂ ಹೇಗೆ? ಕುರ್ಚಿ ವಾಲುವುದಿಲ್ಲ, ಕಿವಿಯ ದ್ರವ ನಿಂತ ನೀರು. ಲಿಂಕ್ ಪೆಟ್ಟಿಗೆಯಲ್ಲಿ ಮೈಗೆ ಎಲ್ಲ ತಿಳಿಯುತ್ತಿತ್ತು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ನಮ್ಮದು ಪೂರಾ ಉಲ್ಟಾ. ಘಾಟಿಯ ಗಾಳಿಯಲ್ಲಿ ವಿಮಾನ ಕುಕ್ಕರಿಸಿದರೂ ಮೇಜಿನ ಮೇಲಿನ ಕಾಫಿ ತುಳುಕುವುದಿಲ್ಲ. ಇದನ್ನು ಹಾರಾಟ ಎನ್ನುವುದಕ್ಕಿಂತ ಭೂಗೋಳದ ಓದು ಎನ್ನುವುದು ಪ್ರಾಮಾಣಿಕ.

ಓದುವುದು ಇಂದಿನ ಭೂಗೋಳವನ್ನು ಎಂಬುದನ್ನೂ ಸೇರಿಸಬೇಕು. ಉಪಗ್ರಹ ಇತ್ತೀಚೆಗೆ ಏನು ಕಂಡಿತೋ ಅದೇ ಇಲ್ಲಿ ಲೋಕ. ಹಳೆಯದು ಬೇಕೆಂದರೆ ಆಟಗಾರರೇ ಹಟ ಹಿಡಿದು ಉಳಿಸಿಕೊಳ್ಳಬೇಕು. ಮೈಗ್ಸ್ ಫೀಲ್ಡನ್ನು 2003ರ ಮಾರ್ಚ್ ಕೊನೆಯಲ್ಲಿ ಷಿಕಾಗೊದ ಮೇಯರ್ ರಿಚರ್ಡ್ ಡೇಲಿ ರಾತ್ರೋರಾತ್ರಿ ಬುಲ್‌ಡೋಜರ್ ಕಳಿಸಿ ಅಗೆಸಿಹಾಕಿದರು. ಬೆಳಗಾಗುವಾಗ ರನ್‌ವೇ ಮೇಲೆ ದೊಡ್ಡ ದೊಡ್ಡ ಕತ್ತರಿ ಗುರುತುಗಳು. ಅಲ್ಲಿಂದಲೇ ತಮ್ಮ ಮೊದಲ ಹಾರಾಟ ಮಾಡಿದ ಲಕ್ಷಾಂತರ ಜನರಿಗೆ, ಆ ಊರನ್ನೇ ನೋಡದಿದ್ದರೂ, ಸ್ವಂತದ್ದೇನೋ ಹೋದಂತಾಯಿತು. ಹವ್ಯಾಸಿಗಳು ಅದನ್ನು ಮತ್ತೆ ಮತ್ತೆ ಕಟ್ಟಿದರು. 2022ರಲ್ಲಿ, ನಲವತ್ತನೆಯ ವರ್ಷದ ಆವೃತ್ತಿಯಲ್ಲಿ, ಮೈಕ್ರೋಸಾಫ್ಟ್ ಕೂಡ ಅದನ್ನು ಮರಳಿ ತಂದಿತು.

ನಮ್ಮ ಕಡೆ ಅಂಥ ಹಟಕ್ಕೆ ಯೋಗ್ಯವಾದ ಒಂದು ದಾರಿ ಇದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಸ್ ಮಾತ್ ಎಂಬ ಒಂಟಿ ಎಂಜಿನ್ ವಿಮಾನದಲ್ಲಿ ಟಪಾಲು ಹೊತ್ತು ಕರಾಚಿಯಿಂದ ಹೊರಟು, ಅಹಮದಾಬಾದಿನಲ್ಲಿ ಇಂಧನ ತುಂಬಿಸಿಕೊಂಡು, ಮುಂಬಯಿಯ ಜುಹುವಿನಲ್ಲಿ ಇಳಿದರು. ಆ ಇಂಧನ ವಿಮಾನದ ಬಳಿಗೆ ಬಂದದ್ದು ಎತ್ತಿನ ಗಾಡಿಯಲ್ಲಿ. ಮುಂಬಯಿಯಿಂದ ಮುಂದೆ ಮದ್ರಾಸಿನವರೆಗೆ ಟಪಾಲು ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್, ಬಳ್ಳಾರಿಯ ಮೇಲೆ. ಜುಹುವಿನಿಂದ ಬಳ್ಳಾರಿಗೆ ಸುಮಾರು ಆರುನೂರು ಕಿಲೋಮೀಟರ್, ಸೆಸ್ನಾ 172ಗೆ ಮೂರು ಗಂಟೆಯ ಕೆಲಸ. ನೇರ ಗೆರೆ ಹಿಡಿದು ಹೊರಟರೆ ಸಹ್ಯಾದ್ರಿ ಹತ್ತಿ ದಾಟಬೇಕು, ಆಮೇಲೆ ದಖ್ಖನದ ಒಣ ಬಯಲು, ಬಾಗಲಕೋಟೆಯ ಹತ್ತಿರ ಕೃಷ್ಣೆ. ಸಿಮ್ಯುಲೇಟರಿನಲ್ಲಿ ಅಲ್ಲಿ ಕಾಣುವುದು ದಿಗಂತದವರೆಗೆ ಹರಡಿದ ಆಲಮಟ್ಟಿ ಹಿನ್ನೀರು. ವಿನ್ಸೆಂಟ್ ಹಾರಿದಾಗ ಅಲ್ಲಿದ್ದುದು ಬರಿಯ ನದಿ, ದಂಡೆಯಲ್ಲಿ ಹೊಲ. ಈಗ ನೀರಿನಡಿ ಇರುವ ಹಳೆಯ ಬಾಗಲಕೋಟೆಯ ಓಣಿಗಳೂ ಆಗ ಇದ್ದವು. ಹಿನ್ನೀರನ್ನು ಇಳಿಸಿ, ಆ ಓಣಿಗಳನ್ನು ಮನೆ ಮನೆಯಾಗಿ ಎಬ್ಬಿಸಿ, ಬಳ್ಳಾರಿಯಲ್ಲಿ ಟಪಾಲಿನ ವಿಮಾನ ಇಳಿದ ಮಣ್ಣಿನ ಬಯಲನ್ನು ಬಿಡಿಸಿಡುವ ಕೆಲಸಕ್ಕೆ ಬಾಗಲಕೋಟೆಯದೋ ಬಳ್ಳಾರಿಯದೋ ಯಾರಾದರೂ ಎಂಜಿನಿಯರಿಂಗ್ ಹುಡುಗ ಹುಡುಗಿಯರು ಕೈಹಾಕಿದರೆ, ಬೇಕಾದ ಸಲಕರಣೆಗಳೆಲ್ಲ ಫ್ಲೈಟ್‌ಗಿಯರ್‌ನಲ್ಲಿ ಉಚಿತವಾಗಿಯೇ ಸಿಗುತ್ತವೆ.